ನೈಲಾನ್ ಎಳೆಯೊಳಗೊಂದು ಕಣ

ದೀಪಾವಳಿಗೆ ಎರಡು ದಿನ ಇದೆ ಅನ್ನುವಾಗ ನಮ್ಮ ಡೊಂಬಿವಲಿ ಮನೆಯಲ್ಲಿ ಸೇವ್ ಒತ್ತುವ ಕೆಲಸ ಶುರುವಾಗುತ್ತದೆ. ಭೇಲ್‌ಪುರಿ ಮೇಲೆ ಉದುರಿಸುವ ತೀರಾ ಸಣ್ಣ ಸೇವ್ ಇದೆಯಲ್ಲ, ಅದಕ್ಕೆ ಮುಂಬಯಿಯವರು ‘ನೈಲಾನ್ ಸೇವ್’ ಅನ್ನುತ್ತಾರೆ. ಕಳೆದ ವರ್ಷ ನನ್ನ ಹೆಂಡತಿ ಹಿಟ್ಟಿಗೆ ಓಂಕಾಳನ್ನು ಇಡಿಯಾಗಿ ಹಾಕಿದ್ದಳು. ಒರಳು ತಿರುಗಿಸಿದರೆ ಅರ್ಧ ತೂತುಗಳಲ್ಲಿ ಎಳೆಯೇ ಬರಲಿಲ್ಲ. ಬಂದ ಎಳೆಗಳೂ ಎಣ್ಣೆಗೆ ಬೀಳುವ ಮೊದಲೇ ತುಂಡಾಗುತ್ತಿದ್ದವು. ಅತ್ತೆ ಬಂದು ನೋಡಿದರು. “ಸಣ್ಣ ಸೇವಿಗೆ ಇಡೀ ಓಂಕಾಳು ಹಾಕ್ತಾರೇನೇ? ರುಬ್ಬಿ, ಬಟ್ಟೇಲಿ ಸೋಸಿ, ಆ ನೀರಷ್ಟೇ ಹಾಕು” ಅಂದರು.

ನಾನು ತುಂಡಾದ ಎಳೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಪ್ರತಿಯೊಂದೂ ಓಂಕಾಳು ಸಿಕ್ಕಿಕೊಂಡ ಜಾಗದಲ್ಲೇ ಮುರಿದಿತ್ತು. ನೂಲು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ನಾನು. ಪಾಲಿಯೆಸ್ಟರ್, ನೈಲಾನ್ ಎಳೆಗಳಲ್ಲಿ ಇದೇ ತೊಂದರೆಯನ್ನು ಸಾವಿರ ಪಟ್ಟು ಸಣ್ಣ ಅಳತೆಯಲ್ಲಿ ದಿನಾ ನೋಡುತ್ತೇನೆ.

ಆ ಹಬ್ಬಕ್ಕೇ ಅಕ್ಕನ ಮಗ ಬಂದಿದ್ದ. ದಾದರಿನಲ್ಲಿ ಕೊಂಡ ಟೀಶರ್ಟ್ ತೋರಿಸಿದ. ಚೀಟಿಯ ಮೇಲೆ ‘ನ್ಯಾನೋ ಸಿಲ್ವರ್’ ಅಂತ ಬರೆದಿತ್ತು. “ಮಾಮಾ, ನೂಲಿನೊಳಗೆ ಬೆಳ್ಳಿ ಪುಡಿ ತುಂಬಿಸಿದರೆ ನೂಲು ಗಟ್ಟಿಯಾಗುತ್ತಾ?” ಅಂತ ಕೇಳಿದ. ಚೀಲಕ್ಕೆ ಅಕ್ಕಿ ತುಂಬಿದ ಹಾಗೆ ಎಳೆಗೆ ಪುಡಿ ತುಂಬುತ್ತಾರೆ ಅಂತಲೇ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಿಜವಾಗಿ ಅಲ್ಲಿ ನಡೆಯುವುದೇ ಬೇರೆ. ಕಣ ಎಷ್ಟು ಗಟ್ಟಿ ಅನ್ನುವುದಕ್ಕಿಂತ, ತನ್ನ ಸುತ್ತ ಇರುವ ಪಾಲಿಮರನ್ನು ಅದು ಹೇಗೆ ಜೋಡಿಸುತ್ತದೆ ಅನ್ನುವುದು ಮುಖ್ಯ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕಣ ಇಲ್ಲದ ಎಳೆಯನ್ನು ನೋಡೋಣ. ಪಾಲಿಮರ್ ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳು. ಕರಗಿದಾಗ ಅವು ತಟ್ಟೆಯಲ್ಲಿ ಬಿದ್ದ ಶ್ಯಾವಿಗೆಯಂತೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಪಾಲಿಯೆಸ್ಟರ್ ಸುಮಾರು 255ರಿಂದ 260 ಡಿಗ್ರಿಯಲ್ಲಿ ಕರಗುತ್ತದೆ. ಕಾರ್ಖಾನೆಯಲ್ಲಿ ಅದರ ಸಣ್ಣ ಚೂರುಗಳನ್ನು, ಅಂದರೆ ಚಿಪ್ಸನ್ನು, ಚೆನ್ನಾಗಿ ಒಣಗಿಸಿ, ಇನ್ನೂ ಇಪ್ಪತ್ತು ಮೂವತ್ತು ಡಿಗ್ರಿ ಜಾಸ್ತಿ ಕಾಯಿಸಿ, ಸ್ಪಿನ್ನರೆಟ್ ಅನ್ನುವ ತೂತಿನ ಬಿಲ್ಲೆಯಿಂದ ಒತ್ತುತ್ತಾರೆ. ಥೇಟ್ ಸೇವಿನ ಒರಳು. ತೂತು ಕಾಲು ಮಿಲಿಮೀಟರಿನಷ್ಟು. ಕೆಳಗೆ ಬಾಬಿನ್ ಅದನ್ನು ನಿಮಿಷಕ್ಕೆ 3000 ಮೀಟರಿಗೂ ಮೇಲಿನ ವೇಗದಲ್ಲಿ ಎಳೆದು ಸುತ್ತುತ್ತದೆ. ಅಂದರೆ ಗಂಟೆಗೆ 180 ಕಿಲೋಮೀಟರ್. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಕಾರಿಗಿರುವ ಮಿತಿಯೇ 100! ತೂತಿನಿಂದ ಹೊರಬಿದ್ದ ಕರಗು ಆ ಎಳೆತಕ್ಕೆ ಸಪೂರವಾಗುತ್ತಾ, ತಣ್ಣಗಿನ ಗಾಳಿಗೆ ಆರುತ್ತಾ, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಗಟ್ಟಿ ಎಳೆಯಾಗುತ್ತದೆ. ಎಳೆಯ ಒಳಗಿನ ಕಟ್ಟಡದ ಅಡಿಪಾಯ ಬೀಳುವುದು ಆ ಒಂದು ಚಿಟಿಕೆ ಹೊತ್ತಿನಲ್ಲೇ.

ಆಮೇಲೆ ಅದನ್ನು ಬಿಸಿ ರೋಲರುಗಳ ನಡುವೆ ಮತ್ತೆ ಎಳೆಯುತ್ತಾರೆ. ಈ ಎಳೆತ ಏನು ಮಾಡುತ್ತದೆ ಅಂತ ಮನೆಯಲ್ಲೇ ನೋಡಬಹುದು. ಖಾಲಿ ಹಾಲಿನ ಪ್ಯಾಕೆಟ್ ತೊಳೆದು, ಅದರಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಎರಡೂ ತುದಿ ಹಿಡಿದು ನಿಧಾನಕ್ಕೆ ಎಳೆಯಿರಿ. ಮೊದಲು ಸುಲಭವಾಗಿ ಹಿಗ್ಗುತ್ತದೆ. ನಡುವೆ ಒಂದು ಕಡೆ ಸೊಂಟದ ಹಾಗೆ ಕಿರಿದಾಗುತ್ತದೆ. ಆ ಸೊಂಟ ಉದ್ದವಾಗುತ್ತಾ ಹೋಗುತ್ತದೆ. ಕೊನೆಗೆ ಬಿಗಿಯಾಗಿ ನಿಂತುಬಿಡುತ್ತದೆ, ಬೆರಳಿಗೆ ಕೊರೆಯುವಷ್ಟು. ಸಿಕ್ಕುಗಟ್ಟಿದ ಕೂದಲನ್ನು ಬಾಚಿದ ಹಾಗೆ, ಒಳಗಿನ ಸರಪಳಿಗಳು ಎಳೆದ ದಿಕ್ಕಿಗೆ ಸಾಲಾಗಿ ನಿಂತಿವೆ. ಅದಕ್ಕೇ ಆ ಬಿಗಿ.

ಎಳೆದು ಮುಗಿದ ಪಾಲಿಯೆಸ್ಟರಿನ ಒಳಗೆ ಎರಡು ಥರದ ಜಾಗಗಳಿರುತ್ತವೆ. ಸರಪಳಿಗಳು ಅಚ್ಚುಕಟ್ಟಾಗಿ ಒತ್ತಿ ಕೂತ ಹರಳಿನ ಜಾಗ ಒಂದು. ಸಡಿಲವಾಗಿ ಬಿದ್ದ ಜಾಗ ಇನ್ನೊಂದು. ಒಂದು ಹರಳಿನಿಂದ ಹೊರಟು ಸಡಿಲ ಜಾಗ ದಾಟಿ ಇನ್ನೊಂದು ಹರಳಿಗೆ ಸೇರುವ ಸರಪಳಿಗಳೂ ಇರುತ್ತವೆ. ಎಳೆಯ ಭಾರ ಹೊರುವುದು ಮುಖ್ಯವಾಗಿ ಈ ಕೊಂಡಿಗಳೇ. ಹರಳುಗಳು ಕೆಲವೇ ನ್ಯಾನೋಮೀಟರ್ ಅಗಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಈ ಅಳತೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಳೆಯೊಳಗೆ ಪುಡಿ ಹಾಕುವುದು ಹೊಸ ವಿಷಯ ಅಲ್ಲ. ಏನೂ ಬೆರೆಸದ ಪಾಲಿಯೆಸ್ಟರ್ ಗಾಜಿನ ಹಾಗೆ ಹೊಳೆಯುತ್ತದೆ. ಆ ಹೊಳಪು ತಗ್ಗಿಸಲು ದಶಕಗಳಿಂದ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಬೆರೆಸುತ್ತಾರೆ. ನೂಲಿನ ವ್ಯಾಪಾರಿಗಳು ‘ಸೆಮಿ ಡಲ್’ ಅನ್ನುವ ನೂಲಿನಲ್ಲಿ ಅದು ಸುಮಾರು ಶೇ. 0.3 ಇರುತ್ತದೆ. ‘ಫುಲ್ ಡಲ್’ ಅಂದರೆ ಶೇ. 2ರ ಹತ್ತಿರ. ಇದರ ಕಣ 200ರಿಂದ 300 ನ್ಯಾನೋಮೀಟರ್. ಬೆಳಕನ್ನು ಚೆದುರಿಸಲು ಸರಿಯಾದ ಗಾತ್ರ ಅದು. ಅದನ್ನೇ 20 ನ್ಯಾನೋಮೀಟರಿಗೆ ಇಳಿಸಿದರೆ ಹೊಳಪು ತಗ್ಗಿಸುವ ಕೆಲಸವೇ ಆಗುವುದಿಲ್ಲ. ಬೆಳಕು ಅದನ್ನು ಗಮನಿಸದೆ ಹಾದುಹೋಗುತ್ತದೆ. ಸಾಮಾನ್ಯವಾಗಿ ನ್ಯಾನೋ ಕಣ ಅನ್ನುವುದು 100ಕ್ಕಿಂತ ಕೆಳಗಿನದಕ್ಕೆ.

ಇಷ್ಟು ಸಣ್ಣದಾದಾಗ ಏನು ಬದಲಾಗುತ್ತದೆ? ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ತುಂಡು ಇದೆ ಅಂದುಕೊಳ್ಳಿ, ಬೆಲ್ಲದ ಅಚ್ಚಿನ ಹಾಗೆ. ಅದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ತುಂಡುಗಳಾಗಿ ಕತ್ತರಿಸುತ್ತಾ ಹೋದರೆ, ಎಲ್ಲಾ ತುಂಡುಗಳ ಹೊರಮೈ ಕೂಡಿಸಿದಾಗ 600 ಚದರ ಮೀಟರ್ ಆಗುತ್ತದೆ. ಪದಾರ್ಥ ಅಷ್ಟೇ, ಮೈ ಮಾತ್ರ ಹತ್ತು ಲಕ್ಷ ಪಟ್ಟು. ನಮ್ಮ ಕಡೆಯ 400 ಚದರ ಅಡಿಯ ಫ್ಲ್ಯಾಟುಗಳನ್ನು ಲೆಕ್ಕಕ್ಕೆ ಹಿಡಿದರೆ ಸುಮಾರು ಹದಿನಾರು ಫ್ಲ್ಯಾಟುಗಳ ನೆಲ. ಅಷ್ಟೂ ಮೈಗೆ ಪಾಲಿಮರ್ ಸರಪಳಿಗಳು ತಾಗಿಕೊಂಡಿರುತ್ತವೆ.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತಲೂ ಇಷ್ಟ. ಎಳೆಯ ಗಾತ್ರದಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ 10 ನ್ಯಾನೋಮೀಟರಿನ ಗುಂಡು ಕಣಗಳು. ಎಲ್ಲಾ ಕಡೆ ಸಮನಾಗಿ ಹರಡಿವೆ. ಒಂದು ಕಣಕ್ಕೂ ಪಕ್ಕದ ಕಣಕ್ಕೂ ನಡುವಿನ ಸಂದು ಎಷ್ಟು? ಬರೀ 27 ನ್ಯಾನೋಮೀಟರ್. ಒಂದೇ ಒಂದು ಸರಪಳಿ ಮುದುಡಿಕೊಂಡರೂ ಹತ್ತಿಪ್ಪತ್ತು ನ್ಯಾನೋಮೀಟರ್ ಜಾಗ ಹಿಡಿಯುತ್ತದೆ. ಅಂದರೆ ಶೇ. 1 ಬೆರೆಸಿದರೂ ಹೆಚ್ಚುಕಮ್ಮಿ ಯಾವ ಸರಪಳಿಯೂ ಕಣದಿಂದ ದೂರ ಇರುವುದಿಲ್ಲ. ಕಣದ ಗಾತ್ರವೂ ಎಳೆಯ ಸ್ವಂತ ಹರಳುಗಳ ಗಾತ್ರವೂ ಹತ್ತಿರ ಹತ್ತಿರ. ಗೋಡೆಯ ಇಟ್ಟಿಗೆಗಳ ನಡುವೆ ಅದೇ ಅಳತೆಯ ಇನ್ನೊಂದು ಥರದ ಇಟ್ಟಿಗೆ ಬಂದು ಕೂತ ಹಾಗೆ. ಗೋಡೆ ಕಟ್ಟುವ ರೀತಿಯೇ ಬದಲಾಗದೆ ಇರುತ್ತದೆಯೇ?

ಮೊದಲ ಬದಲಾವಣೆ ಹರಳು ಹುಟ್ಟುವಾಗಲೇ ಆಗುತ್ತದೆ. ಕಲ್ಲುಸಕ್ಕರೆ ಮಾಡುವಾಗ ಗಟ್ಟಿ ಪಾಕದಲ್ಲಿ ದಾರ ಇಳಿಬಿಡುತ್ತಾರೆ. ಹರಳು ಆ ದಾರದ ಮೇಲೆ ಮೊದಲು ಕೂರುತ್ತದೆ. ಸುಮ್ನೆ ಬಿಟ್ಟ ಪಾಕದಲ್ಲಿ ಮೊದಲ ಹರಳು ಹುಟ್ಟುವುದು ಕಷ್ಟ. ಕೂರಲು ಒಂದು ಮೈ ಸಿಕ್ಕರೆ ಕೆಲಸ ಬೇಗ. ನ್ಯಾನೋ ಕಣಗಳು ಪಾಲಿಮರಿಗೆ ಆ ದಾರ. ಕರಗು ಆರುವಾಗ ಕಣದ ಮೈಮೇಲೆ ಸರಪಳಿಗಳು ಬೇಗ ಸಾಲುಗೂಡುತ್ತವೆ. ಕಣ ಇಲ್ಲದಾಗ ಇನ್ನೂ ಕರಗಿಯೇ ಇರಬೇಕಾದ ಬಿಸಿಯಲ್ಲೇ ಇಲ್ಲಿ ಹರಳು ಕಟ್ಟಲು ಶುರುವಾಗುತ್ತದೆ. ಒಂದೇ ಸಲಕ್ಕೆ ಕೋಟ್ಯಂತರ ಕಡೆ ಹುಟ್ಟುವುದರಿಂದ ಯಾವ ಹರಳಿಗೂ ದೊಡ್ಡದಾಗಲು ಜಾಗ ಸಿಗುವುದಿಲ್ಲ. ನಿಧಾನಕ್ಕೆ ಆರಿದ ತುಪ್ಪ ದಪ್ಪ ಮರಳಾಗುತ್ತದೆ, ಬೇಗ ಗಟ್ಟಿಯಾದದ್ದು ನುಣ್ಣಗಿರುತ್ತದೆ, ಅಲ್ವಾ? ಹಾಗೇ.

ಕೆಲವು ಕಣಗಳು ಹರಳಿನ ಜಾತಿಯನ್ನೇ ಬದಲಿಸುತ್ತವೆ. ನೈಲಾನ್ 6 ಅನ್ನುವ ಬಗೆಯ ನೈಲಾನಿನಲ್ಲಿ ಸರಪಳಿಗಳು ಎರಡು ರೀತಿಯಲ್ಲಿ ಜೋಡಿಯಾಗಬಹುದು. ಒಂದಕ್ಕೆ ಆಲ್ಫಾ, ಇನ್ನೊಂದಕ್ಕೆ ಗಾಮಾ ಅಂತ ಹೆಸರು. ನಿಧಾನಕ್ಕೆ ಆರಿದರೆ ಆಲ್ಫಾ ಹೆಚ್ಚು. ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿಮಣ್ಣಿನ ಪದರಗಳನ್ನು ಬಿಡಿಸಿ ಬೆರೆಸಿದರೆ ಗಾಮಾ ಹೆಚ್ಚಾಗುತ್ತದೆ. ಈ ಪದರ ಒಂದೇ ನ್ಯಾನೋಮೀಟರ್ ದಪ್ಪ, ಅಗಲ ನೂರು ಪಟ್ಟು ಅಥವಾ ಅದಕ್ಕೂ ಜಾಸ್ತಿ. ಅದರ ಮೈಗೆ ತಾಗಿದ ಸರಪಳಿಗೆ ಹೊರಳಾಡಲು ಸಲೀಸು ಇರುವುದಿಲ್ಲ. ಹಾಗಾಗಿ ಆಲ್ಫಾದ ಕೂರುವಿಕೆ ಸಿಗದೆ ಗಾಮಾದಲ್ಲೇ ನಿಲ್ಲುತ್ತದೆ. ಗಾಮಾ ಕೆಲವು ಡಿಗ್ರಿ ಮೊದಲೇ ಕರಗುತ್ತದೆ. ಎಳೆಯನ್ನು ಎಳೆದಾಗ ಅದರ ಒಂದು ಪಾಲು ಮತ್ತೆ ಆಲ್ಫಾ ಆಗುತ್ತದೆ.

ಈ ಮಣ್ಣು-ನೈಲಾನ್ ಜೋಡಿಯಿಂದಲೇ ಜಗತ್ತಿನ ಗಮನ ಈ ಕಡೆ ತಿರುಗಿದ್ದು. 1980ರ ದಶಕದ ಕೊನೆಗೆ ಜಪಾನಿನಲ್ಲಿ ಟೊಯೋಟಾದ ಸಂಶೋಧನಾಲಯದವರು ನೈಲಾನ್ 6ಕ್ಕೆ ಶೇ. 4ರಷ್ಟು ಮಣ್ಣು ಸೇರಿಸಿದರು. ಅದರ ಬಿಗಿ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಭಾರ ಹೊತ್ತು ಬಾಗದೆ ನಿಲ್ಲುವ ಬಿಸಿ 65 ಡಿಗ್ರಿಯಿಂದ 150ರ ಹತ್ತಿರಕ್ಕೆ ಏರಿತು. ಕಾರಿನ ಟೈಮಿಂಗ್ ಬೆಲ್ಟಿನ ಮುಚ್ಚಳವನ್ನೇ ಅದರಿಂದ ಮಾಡಿದರು. ಆದರೆ ಒಂದು ಮಾತು. ಅದು ಅಚ್ಚಿಗೆ ಹೊಯ್ದ ಪ್ಲಾಸ್ಟಿಕ್, ಎಳೆ ಅಲ್ಲ. ಎಳೆಯಲ್ಲಿ ಸರಪಳಿಗಳನ್ನು ಎಳೆದೇ ಬಿಗಿ ಮಾಡಿಯಾಗಿರುತ್ತದೆ. ಅದರ ಮುಂದೆ ಕಣ ಕೊಡುವ ಹೆಚ್ಚುವರಿ ಬಿಗಿ ಸಣ್ಣದು. ‘ನ್ಯಾನೋ ಹಾಕಿದರೆ ಎರಡು ಪಟ್ಟು ಗಟ್ಟಿ’ ಅಂತ ಯಾರಾದರೂ ಬಟ್ಟೆ ಮಾರುತ್ತಿದ್ದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಮಾತು ಬೇರೆ ವಸ್ತುವಿನದು, ದುಡ್ಡು ಕೊಡುವವರು ಬಟ್ಟೆ ಕೊಳ್ಳುವವರು.

ಹರಳು ಕಟ್ಟುವ ರೀತಿ ಬದಲಾದರೆ ಬಟ್ಟೆಯಲ್ಲಿ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡದ್ದಿದೆ. ಭಿವಂಡಿಯ ಒಬ್ಬ ಮಗ್ಗದ ಮಾಲೀಕರು ಒಂದು ಬಟ್ಟೆ ತಂದು ನಮ್ಮ ಮೇಜಿನ ಮೇಲೆ ಹಾಸಿದರು. ಕಡು ನೀಲಿ ಬಣ್ಣ. ಅಡ್ಡಕ್ಕೆ ಬೆರಳಗಲ ಬೆರಳಗಲ ತಿಳಿ ಪಟ್ಟೆಗಳು. ಬಣ್ಣ ಹಾಕುವ ಮೊದಲು ಬಟ್ಟೆ ಒಂದೇ ಸಮ ಬಿಳಿ ಇತ್ತಂತೆ. ನೂಲು ಕೊಟ್ಟವರು ಬಣ್ಣದವರ ತಪ್ಪು ಅಂದರು. ಬಣ್ಣದವರು ಮಗ್ಗದ್ದು ಅಂದರು. ನಷ್ಟ ಮಾತ್ರ ಇವರದ್ದು.

ತಿಳಿ ಪಟ್ಟೆಯಿಂದಲೂ ಕಡು ನೀಲಿ ಜಾಗದಿಂದಲೂ ನೂಲು ಬಿಡಿಸಿ ತೆಗೆದೆವು. ದಪ್ಪ ಒಂದೇ, ತಿರುಚು ಒಂದೇ. ಆಮೇಲೆ ಎರಡನ್ನೂ ಕರಗಿಸಿ ನಿಧಾನಕ್ಕೆ ಆರಿಸುತ್ತಾ, ಎಷ್ಟು ಡಿಗ್ರಿಗೆ ಹರಳು ಕಟ್ಟುತ್ತದೆ ಅಂತ ನೋಡುವ ಪರೀಕ್ಷೆ ಮಾಡಿದೆ. ಎರಡರ ನಡುವೆ ಹತ್ತು ಡಿಗ್ರಿಯ ಹತ್ತಿರ ವ್ಯತ್ಯಾಸ ಇತ್ತು. ಎರಡು ಲಾಟಿನ, ಅಂದರೆ ಬೇರೆ ಬೇರೆ ಸಲ ತಯಾರಾದ, ನೂಲಿನ ಕೋನುಗಳು ಬೆರೆತಿದ್ದವು. ಎರಡರಲ್ಲೂ ಒಂದೇ ಪ್ರಮಾಣದ ನ್ಯಾನೋ ಪುಡಿ. ಒಂದರಲ್ಲಿ ಚೆನ್ನಾಗಿ ಹರಡಿತ್ತು, ಇನ್ನೊಂದರಲ್ಲಿ ಗಂಟುಗಟ್ಟಿತ್ತು. ಪಾಲಿಯೆಸ್ಟರಿಗೆ 130 ಡಿಗ್ರಿಯ ಒತ್ತಡದ ಬಿಸಿನೀರಿನಲ್ಲಿ ಬಣ್ಣ ಹಾಕುತ್ತಾರೆ. ಬಣ್ಣ ಹರಳಿನೊಳಗೆ ಹೋಗುವುದಿಲ್ಲ, ಸಡಿಲ ಜಾಗಕ್ಕೆ ಮಾತ್ರ ಇಳಿಯುತ್ತದೆ. ಸಣ್ಣ ಸಣ್ಣ ಹರಳು ಒತ್ತೊತ್ತಾಗಿ ಕೂತ ಎಳೆಯಲ್ಲಿ ದಾರಿ ಇಕ್ಕಟ್ಟು. ಅದು ತಿಳಿಯಾಗಿ ಉಳಿಯಿತು. ವರದಿ ಹಿಡಿದುಕೊಂಡು ಅವರು ಒಂದು ನಿಮಿಷ ಮಾತಾಡಲಿಲ್ಲ. “ಅಂದರೆ ನನ್ನ ಹುಡುಗರು ತಪ್ಪು ಮಾಡಿಲ್ಲ” ಅಂದರು. ನನಗೆ ಆ ಮಾತು ಇವತ್ತಿಗೂ ನೆನಪಿದೆ.

ಗಂಟು ಯಾಕೆ ಕಟ್ಟುತ್ತದೆ? ಅಷ್ಟೊಂದು ಮೈ ಇರುವ ಕಣಗಳು ಒಂದನ್ನೊಂದು ಎಳೆದುಕೊಳ್ಳುತ್ತವೆ. ಪಾಲಿಮರಿನ ಜೊತೆ ಇರುವುದಕ್ಕಿಂತ ತಮ್ಮ ಜೊತೆಯವರನ್ನು ಅಂಟಿಕೊಳ್ಳುವುದೇ ಅವಕ್ಕೆ ಸುಲಭ. ಅಂಬಲಿಗೆ ರಾಗಿ ಹಿಟ್ಟನ್ನು ನೇರ ಕುದಿಯುವ ನೀರಿಗೆ ಸುರಿದರೆ ಏನಾಗುತ್ತದೆ ಅಂತ ಗೊತ್ತಲ್ಲ. ಮೊದಲು ಸ್ವಲ್ಪ ತಣ್ಣೀರಲ್ಲಿ ಕದಡಿ, ಆ ಕದಡನ್ನು ಕುದಿನೀರಿಗೆ ಬಿಡುತ್ತೇವೆ. ನೂಲಿನವರದ್ದೂ ಅದೇ ಉಪಾಯ. ಮೊದಲು ಸ್ವಲ್ಪ ಪಾಲಿಮರಿನಲ್ಲಿ ಹೆಚ್ಚು ಪುಡಿ ಸೇರಿಸಿ, ಎರಡು ಸ್ಕ್ರೂ ಇರುವ ಯಂತ್ರದಲ್ಲಿ ಚೆನ್ನಾಗಿ ನಾದಿ, ಮಾಸ್ಟರ್‌ಬ್ಯಾಚ್ ಅನ್ನುವ ಕಾಳು ಮಾಡಿಕೊಳ್ಳುತ್ತಾರೆ. ನೂಲುವಾಗ ಅದನ್ನು ಮಾಮೂಲು ಚಿಪ್ಸಿಗೆ ಬೆರೆಸುತ್ತಾರೆ. ಕಣದ ಮೈಗೆ ಪಾಲಿಮರಿಗೆ ಒಗ್ಗುವ ಲೇಪ ಕೊಡುವುದು ಇನ್ನೊಂದು ದಾರಿ. ಸಿಲಿಕಾಗೆ ಸಿಲೇನ್, ಮಣ್ಣಿಗೆ ಉದ್ದ ಬಾಲದ ಅಮೋನಿಯಂ ಲವಣ. ಪಾಲಿಮರ್ ತಯಾರಾಗುವ ಮೊದಲೇ ಕಣಗಳನ್ನು ಹಾಕಿ, ಅವುಗಳ ನಡುವೆಯೇ ಸರಪಳಿ ಬೆಳೆಯಲು ಬಿಡುವುದು ಮೂರನೆಯದು. ಖರ್ಚು ಜಾಸ್ತಿ, ಆದರೆ ಹರಡುವಿಕೆ ಚೆನ್ನಾಗಿರುತ್ತದೆ.

ಗಂಟು ಉಳಿದರೆ ನಮ್ಮ ಅಡುಗೆಮನೆಯ ಓಂಕಾಳಿನ ಕತೆಯೇ. ಒಂದು ಡೀನಿಯರ್, ಅಂದರೆ 9000 ಮೀಟರಿಗೆ ಒಂದು ಗ್ರಾಂ ತೂಗುವ ಪಾಲಿಯೆಸ್ಟರ್ ಎಳೆಯ ಅಡ್ಡಳತೆ ಸುಮಾರು 10 ಮೈಕ್ರಾನ್. ಅಂದರೆ 10,000 ನ್ಯಾನೋಮೀಟರ್. ಅದರಲ್ಲಿ 10 ನ್ಯಾನೋಮೀಟರಿನ ಬಿಡಿ ಕಣ ಸಾವಿರದಲ್ಲಿ ಒಂದು ಪಾಲು. ಗಂಟುಗಟ್ಟಿ ಒಂದು ಮೈಕ್ರಾನ್ ಆದರೆ ಹತ್ತರಲ್ಲಿ ಒಂದು ಪಾಲು. ಮೊದಲು ಯಂತ್ರದ ಜಾಲರಿ ಕಟ್ಟಿಕೊಂಡು ಒತ್ತಡ ಏರುತ್ತದೆ. ಅದನ್ನೂ ದಾಟಿ ಬಂದದ್ದು ಎಳೆಯುವಾಗ ಕಾಡುತ್ತದೆ. ಸುತ್ತಲ ಪಾಲಿಮರ್ ಉದ್ದವಾಗುತ್ತದೆ, ಗಂಟು ಆಗುವುದಿಲ್ಲ. ಎಳೆತದ ದಿಕ್ಕಿನ ಎರಡೂ ತುದಿಯಲ್ಲಿ ಪಾಲಿಮರ್ ಅದರ ಮೈ ಬಿಟ್ಟು ಸಂದು ಬೀಳುತ್ತದೆ. ಆ ಸಂದಿನಿಂದಲೇ ಎಳೆ ಹರಿಯುತ್ತದೆ.

ಎಳೆ ಹರಿಯುವುದು ಅದರ ಸರಾಸರಿ ಜಾಗದಲ್ಲಿ ಅಲ್ಲ, ತೀರಾ ಸೋತ ಜಾಗದಲ್ಲಿ. ಮ್ಯಾಂಚೆಸ್ಟರಿನಲ್ಲಿ ಹತ್ತಿ ನೂಲಿನ ಮೇಲೆ ಕೆಲಸ ಮಾಡುತ್ತಿದ್ದ ಪಿಯರ್ಸ್ 1926ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದರು. ತುಂಡು ಉದ್ದವಾದಷ್ಟೂ ಸೋತ ಜಾಗ ಸಿಗುವ ಸಾಧ್ಯತೆ ಹೆಚ್ಚು, ಬಲ ಕಮ್ಮಿ. ಅದಕ್ಕೇ ಒಂದು ಸೆಂಟಿಮೀಟರ್ ತುಂಡನ್ನು ಪರೀಕ್ಷಿಸಿ ‘ನ್ಯಾನೋ ಎಳೆ ಗಟ್ಟಿ’ ಅಂದರೆ ನಾನು ಒಪ್ಪುವುದಿಲ್ಲ. ಕಿಲೋಮೀಟರುಗಟ್ಟಲೆ ಓಡುವ ನೂಲಿಗೆ ಒಂದು ಗಂಟು ಸಾಕು. ಎಳೆಗಳಲ್ಲಿ ಈ ಪುಡಿಯನ್ನು ಸಾಮಾನ್ಯವಾಗಿ ಶೇ. 1-2ರ ಒಳಗೇ ಇಡುವುದು ಇದೇ ಕಾರಣಕ್ಕೆ. ಜಾಸ್ತಿಯಾದರೆ ಇನ್ನೊಂದು ತೊಂದರೆಯೂ ಇದೆ. ಹರಳು ಹುಟ್ಟಲು ನೆರವಾದ ಕಣಗಳೇ ಸರಪಳಿಗಳ ಓಡಾಟಕ್ಕೆ ಅಡ್ಡ ನಿಂತು, ಹರಳು ಬೆಳೆಯದಂತೆ ತಡೆಯುತ್ತವೆ. ಎಷ್ಟು ಪಟ್ಟು ಎಳೆಯಬಹುದು ಅನ್ನುವುದೂ ಕಡಿಮೆಯಾಗುತ್ತದೆ.

ಕಣದ ಆಕಾರದ ಬಗ್ಗೆಯೂ ಹೇಳಬೇಕು. ಗುಂಡು ಕಣಕ್ಕೆ ಎಳೆತದ ದಿಕ್ಕು ಯಾವುದಾದರೇನು. ಪದರ, ಕೊಳವೆಗಳಿಗೆ ಹಾಗಲ್ಲ. ಹೊಳೆಯಲ್ಲಿ ಬಿದ್ದ ಕಡ್ಡಿಗಳು ನೀರು ಹರಿಯುವ ಕಡೆಗೆ ತಿರುಗಿದಂತೆ ಅವು ಎಳೆಯ ಉದ್ದಕ್ಕೆ ಸಾಲಾಗುತ್ತವೆ. 1991ರಲ್ಲಿ ಜಪಾನಿನ ವಿಜ್ಞಾನಿ ಇಜಿಮಾ ವಿವರಿಸಿದ ಮೇಲೆ ಹೆಸರಾದ ಕಾರ್ಬನ್ ನ್ಯಾನೋಟ್ಯೂಬ್ ಅನ್ನುವ ಸಪೂರ ಕೊಳವೆ ಉಕ್ಕಿಗಿಂತ ಐದು ಪಟ್ಟು ಬಿಗಿ. ಅಕ್ರಿಲಿಕ್ ಎಳೆಯಲ್ಲಿ ಅದನ್ನು ಹರಡಿದರೆ ಸುತ್ತಲ ಸರಪಳಿಗಳು ಅದರ ಮೈಗುಂಟ ಸಾಲಾಗುತ್ತವೆ. ಅಕ್ರಿಲಿಕ್ ಎಳೆಯಿಂದ ಕಾರ್ಬನ್ ಫೈಬರ್ ಮಾಡುವವರಿಗೆ ಈ ಸಾಲು ಬಹಳ ಬೇಕಾದದ್ದು. ಆದರೆ ಅದೇ ಕೊಳವೆಗಳಿಂದ ಕರೆಂಟ್ ಹಾಯುವ ನೂಲು ಮಾಡಬೇಕಾದರೆ ಕತೆ ತಿರುಗುಮುರುಗು. ಕರೆಂಟ್ ಹಾಯಲು ಕೊಳವೆಗಳು ಒಂದಕ್ಕೊಂದು ತಾಗಿರಬೇಕು. ಎಳೆದಷ್ಟೂ ಅವು ಸಾಲಾಗಿ ದೂರ ದೂರ ಸರಿಯುತ್ತವೆ. ಬಲ ಬಂತು, ಕರೆಂಟ್ ಹೋಯಿತು. ಎಷ್ಟು ಎಳೆಯಬೇಕು ಅನ್ನುವುದನ್ನು ನೂಲುವವರು ಏನು ಬೇಕು ಅಂತ ನೋಡಿಯೇ ನಿರ್ಧರಿಸಬೇಕು.

ಇನ್ನು ಹುಡುಗನ ಬೆಳ್ಳಿ. ಅದನ್ನು ಹಾಕುವುದು ಗಟ್ಟಿಗಾಗಿ ಅಲ್ಲ. ಬೆವರಿನ ವಾಸನೆ ತರುವ ಬ್ಯಾಕ್ಟೀರಿಯಾಗಳನ್ನು ತಡೆಯಲು. ಆ ಕೆಲಸ ಮಾಡುವುದು ಕಣದಿಂದ ನಿಧಾನಕ್ಕೆ ಬಿಡುಗಡೆಯಾಗುವ ಬೆಳ್ಳಿಯ ಅಯಾನುಗಳು. ಅದಕ್ಕೆ ತೇವ ಬೇಕು. ಎಳೆಯ ನಡುವಿನಲ್ಲಿ ಹೂತುಹೋದ ಬೆಳ್ಳಿ ಹೊರಗೆ ಬರುವುದೇ ಕಷ್ಟ. ಮಾಮೂಲು ಹವೆಯಲ್ಲಿ ನೈಲಾನ್ ಶೇ. 4ರಷ್ಟು ತೇವ ಹಿಡಿಯುತ್ತದೆ, ಪಾಲಿಯೆಸ್ಟರ್ ಶೇ. 0.4 ಅಷ್ಟೇ. ಹಾಗಾಗಿ ಪಾಲಿಯೆಸ್ಟರಿನಲ್ಲಿ ಇನ್ನೂ ಕಷ್ಟ. ಇದಕ್ಕೆ ಒಂದು ದಾರಿ, ಎಳೆಯನ್ನು ಎರಡು ಪದರವಾಗಿ ನೂತು ಬೆಳ್ಳಿಯನ್ನು ಹೊರ ಪದರಕ್ಕೆ ಮಾತ್ರ ಹಾಕುವುದು. ಬಟ್ಟೆ ನೇಯ್ದ ಮೇಲೆ ಬರೀ ಮೇಲಿಂದ ಲೇಪಿಸಿದ ಬೆಳ್ಳಿಯಾದರೆ ಒಗೆದ ಹಾಗೆ ಬೇಗ ಹೋಗುತ್ತದೆ.

ರಜೆ ಮುಗಿಯುವ ಮೊದಲು ಹುಡುಗನನ್ನು ಲ್ಯಾಬಿಗೆ ಕರೆದೊಯ್ದೆ. ಟೀಶರ್ಟಿನ ಒಳ ಹೊಲಿಗೆಯಿಂದ ಒಂದು ನೂಲು ತೆಗೆದು, ಎಳೆ ಬಿಡಿಸಿ, ಗಾಜಿನ ಮೇಲೆ ಒಂದು ಹನಿ ಎಣ್ಣೆಯಲ್ಲಿ ಇಟ್ಟು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಗಾಜಿನ ಕಡ್ಡಿಯಂಥ ಎಳೆ, ಒಳಗೆ ಮೆಣಸಿನಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು. “ಮಾಮಾ, ಬೆಳ್ಳಿ ಕಾಣ್ತಾ ಇದೆ!” ಅಂದ. ಅದು ಬೆಳ್ಳಿಯಲ್ಲ, ಹೊಳಪು ತಗ್ಗಿಸಲು ಹಾಕಿದ ಟೈಟಾನಿಯಂ ಪುಡಿ ಅಂದೆ. ಈ ಮೈಕ್ರೋಸ್ಕೋಪಿಗೆ 200 ನ್ಯಾನೋಮೀಟರಿಗಿಂತ ಸಣ್ಣದನ್ನು ಬಿಡಿಸಿ ತೋರಿಸಲು ಆಗುವುದಿಲ್ಲ. ನ್ಯಾನೋ ಕಣ ಸರಿಯಾಗಿ ಹರಡಿದ್ದರೆ ಇಲ್ಲಿ ಏನೂ ಕಾಣಬಾರದು. ಅವನು ಮತ್ತೆ ಕಣ್ಣಿಟ್ಟ. ಗಾಜನ್ನು ನಿಧಾನಕ್ಕೆ ಸರಿಸುತ್ತಾ, ಎಳೆಯ ಉದ್ದಕ್ಕೂ ಯಾವುದಾದರೂ ಚುಕ್ಕೆ ಉಳಿದವಕ್ಕಿಂತ ದಪ್ಪ ಇದೆಯೇ ಅಂತ ಹುಡುಕತೊಡಗಿದ.